ಹಾಲ್‌ಸ್ಟಾಟ್‌ನಲ್ಲಿ ಮೂರು ರಾತ್ರಿ: ಅಮ್ಮ, ಮಗಳ ಜೊತೆ ಏನೇನು ನೋಡಬಹುದು?

ಸೆಪ್ಟೆಂಬರ್ ನಡುವಿನಲ್ಲಿ ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಹೊರಟಿದ್ದೇವೆ. ನಾನು, ನನ್ನ ಗಂಡ, 9 ವರ್ಷದ ಮಗಳು ಮತ್ತು 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿನೋವು, ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಊಟದಲ್ಲಿ ನಾವು ಸಸ್ಯಾಹಾರಿಗಳು. ಬೆಂಗಳೂರಿನ ಪ್ರವಾಸ ಸಂಸ್ಥೆಯವರನ್ನು ಕೇಳಿದರೆ, ‘ಹಾಲ್‌ಸ್ಟಾಟ್‌ಗೆ ಎರಡು ಗಂಟೆ ಸಾಕು, ಮೂರು ರಾತ್ರಿ ಯಾಕೆ?’ ಎಂದರು. ಕಾರು ಇಲ್ಲ, ಸಾಲ್ಜ್‌ಬರ್ಗ್‌ನಿಂದ ಬರುತ್ತೇವೆ. ಹೋಗಿ ಬಂದವರು, ಆ ಕಡೆ ವಾಸವಾಗಿರುವವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ಸಾಲ್ಜ್‌ಬರ್ಗ್‌ನಲ್ಲಿ ನೆಲೆಸಿರುವವರೊಬ್ಬರು:

ಮೂರು ರಾತ್ರಿ ಇರಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಈ ಊರು ಊರಾಗಿರುವುದಿಲ್ಲ. ಸುಮಾರು 750 ಜನ ವಾಸಿಸುವ ಹಳ್ಳಿಗೆ ಬೇಸಿಗೆಯ ಕೆಲವು ದಿನಗಳಲ್ಲಿ ಹತ್ತು ಸಾವಿರ ಜನರವರೆಗೆ ಬಂದುಹೋಗುತ್ತಾರೆ. ಹೆಚ್ಚಿನವರು ಬಸ್ಸಿನಿಂದ ಇಳಿದು, ಉತ್ತರ ತುದಿಯ ಆ ಪ್ರಸಿದ್ಧ ತಿರುವಿನಲ್ಲಿ ಚರ್ಚಿನ ಗೋಪುರದ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಬೆಳಿಗ್ಗೆ ಏಳಕ್ಕೆ ಅದೇ ಜಾಗದಲ್ಲಿ ನಿಂತರೆ ನಿಮ್ಮ ಜೊತೆ ಹಂಸಗಳು ಮಾತ್ರ ಇರುತ್ತವೆ. ರಾತ್ರಿ ತಂಗುವವರಿಗಷ್ಟೇ ಸಿಗುವ ಭಾಗ್ಯ ಇದು.

ನಿಮ್ಮ ದಾರಿ ಹೀಗಿರಲಿ: ಸಾಲ್ಜ್‌ಬರ್ಗ್‌ನಿಂದ 150ನೇ ಸಂಖ್ಯೆಯ ಬಸ್ ಹಿಡಿದು ಬಾಡ್ ಇಶ್ಲ್, ಅಲ್ಲಿಂದ ರೈಲು. ಲಗೇಜು ಹೆಚ್ಚಿದ್ದರೆ ಅಟ್ನಾಂಗ್-ಪುಖ್‌ಹೈಮ್‌ನಲ್ಲಿ ಬದಲಿಸಿ ಪೂರ್ತಿ ರೈಲಿನಲ್ಲೇ ಬರಬಹುದು, ತುಸು ಸುತ್ತು. ಹಾಲ್‌ಸ್ಟಾಟ್ ರೈಲು ನಿಲ್ದಾಣ ಇರುವುದು ಸರೋವರದ ಪೂರ್ವ ದಡದಲ್ಲಿ, ಊರು ಪಶ್ಚಿಮ ದಡದಲ್ಲಿ. ರೈಲು ಇಳಿದು ಇಳಿಜಾರಿನಲ್ಲಿ ಕೆಳಗೆ ಬಂದರೆ ದೋಣಿ ಕಾದಿರುತ್ತದೆ. ಕೆಲವೇ ನಿಮಿಷದಲ್ಲಿ ಆಚೆ ದಡ. ಟಿಕೆಟ್ ದೋಣಿಯಲ್ಲೇ ಕೊಡುತ್ತಾರೆ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಅಮ್ಮನನ್ನು ದೋಣಿಯ ಮುಂಭಾಗದಲ್ಲಿ ಕೂರಿಸಿ. ಬೆಟ್ಟದ ಬುಡದಲ್ಲಿ ಒಂದರ ಮೇಲೊಂದು ಏರಿಸಿಟ್ಟ ಮರದ ಮನೆಗಳು ಹತ್ತಿರವಾಗುತ್ತಾ ಬರುವುದನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1890ರಲ್ಲಿ ಬಂಡೆ ಸಿಡಿಸಿ ರಸ್ತೆ ಮಾಡುವವರೆಗೆ ಎಲ್ಲರೂ ಬರುತ್ತಿದ್ದುದು ದೋಣಿಯಲ್ಲಿ, ಇಲ್ಲವೇ ಕಿರಿದಾದ ಕಾಲುದಾರಿಯಲ್ಲಿ.

ವಸತಿ ಗೊತ್ತು ಮಾಡುವ ಮುನ್ನ ಒಂದು ಮಾತು ಕೇಳಿಕೊಳ್ಳಿ: ಮನೆಗೆ ಎಷ್ಟು ಮೆಟ್ಟಿಲು? ಹಳೆಯ ಮಾರುಕಟ್ಟೆಯ ಸುತ್ತಲಿನ ಎಷ್ಟೋ ಮನೆಗಳಿಗೆ ಹತ್ತಿಯೇ ಹೋಗಬೇಕು. ದಕ್ಷಿಣದ ಲಾನ್ ಎಂಬ ಭಾಗ ಸಮತಟ್ಟು, ಬಸ್ ನಿಲ್ದಾಣವೂ ಅಲ್ಲೇ ಇದೆ. ಅಮ್ಮನಿಗೆ ಅದೇ ಅನುಕೂಲ.

ಮೈಸೂರಿನಿಂದ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿಬಂದವರು:

ಮೇಲಿನ ಮಾತಿಗೆ ನನ್ನದೂ ಒಪ್ಪಿಗೆ. ಮಂಡಿನೋವು ಇರುವವರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನಷ್ಟೇ ಬರೆಯುತ್ತೇನೆ.

ಉಪ್ಪಿನ ಬೆಟ್ಟಕ್ಕೆ ಹಳಿಯ ಮೇಲೆ ಕಡಿದಾಗಿ ಏರುವ ಗಾಡಿ ಇದೆ, ಲಾನ್‌ನಿಂದಲೇ ಹೊರಡುತ್ತದೆ. ಮೇಲೆ ಇಳಿದರೆ ಊರಿಗಿಂತ 350 ಮೀಟರ್ ಎತ್ತರದಲ್ಲಿ ಗಾಳಿಯಲ್ಲಿ ಚಾಚಿಕೊಂಡ ವೀಕ್ಷಣಾ ಕಟ್ಟೆ. ಅಲ್ಲಿಯವರೆಗೆ ಅಮ್ಮ ಖಂಡಿತ ಬರಬಹುದು. ಪಕ್ಕದ ಹಳೆಯ ಗೋಪುರದಲ್ಲಿ ಉಪಾಹಾರಗೃಹವಿದೆ, ಬಿಸಿ ಬಿಸಿ ಏನಾದರೂ ಕುಡಿಯುತ್ತಾ ಕೂರಬಹುದು. ಅಲ್ಲಿನ ಉಪ್ಪಿನ ಗಣಿಯೊಳಗೆ ಹೋಗುವುದು ಬೇರೆ ವಿಷಯ. ಗಣಿಯ ಬಾಗಿಲಿಗೆ ಮತ್ತೆ ಏರುದಾರಿ, ಒಳಗೆ ಉದ್ದಕ್ಕೂ ನಡಿಗೆ, ಸುಮಾರು 8 ಡಿಗ್ರಿ ಚಳಿ. ನಿಮ್ಮಿಬ್ಬರಲ್ಲಿ ಒಬ್ಬರು ಮಗಳ ಜೊತೆ ಒಳಗೆ ಹೋಗಿ, ಇನ್ನೊಬ್ಬರು ಅಮ್ಮನ ಜೊತೆ ಇರಿ. ಮಗಳಿಗಂತೂ ಇದನ್ನು ತಪ್ಪಿಸಬೇಡಿ: ಗಣಿಗಾರರು ಕೆಳ ಅಂತಸ್ತಿಗೆ ಇಳಿಯಲು ಬಳಸುತ್ತಿದ್ದ ಮರದ ಜಾರುಬಂಡೆಯಲ್ಲಿ ಕೂರಿಸಿ ಬಿಡುತ್ತಾರೆ, ದೊಡ್ಡದರ ಉದ್ದ 64 ಮೀಟರ್. ಹೆದರಿದವರಿಗೆ ಪಕ್ಕದಲ್ಲೇ ಮೆಟ್ಟಿಲು. ಹೊರಡುವ ಮೊದಲು ಗಾಡಿಯೂ ಗಣಿಯೂ ನಡೆಯುತ್ತಿವೆಯೇ ಎಂದು ಅವರ ಜಾಲತಾಣದಲ್ಲಿ ನೋಡಿಕೊಳ್ಳಿ. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚುವುದುಂಟು.

ಡಾಖ್‌ಸ್ಟೈನ್ ಬೆಟ್ಟದ ಹಿಮಗುಹೆಗೆ ಅಮ್ಮ ಬೇಡ. ಕೇಬಲ್ ಕಾರಿನಿಂದ ಇಳಿದ ಮೇಲೆ ಏರುದಾರಿಯಲ್ಲಿ ನಡೆಯಬೇಕು, ಗುಹೆಯೊಳಗೆ ಮೆಟ್ಟಿಲುಗಳ ಸಾಲು ಮುಗಿಯುವುದೇ ಇಲ್ಲ, ಮೇಲಾಗಿ ಹೆಪ್ಪುಗಟ್ಟಿಸುವ ಚಳಿ.

ಅಮ್ಮನ ದಿನವೆಂದು ಗೋಸಾವ್ ಸರೋವರಕ್ಕೆ ಒಂದು ದಿನ ಕೊಡಿ. ಹಾಲ್‌ಸ್ಟಾಟ್‌ನಿಂದ ಬಸ್, ಗೋಸಾವ್‌ಮ್ಯೂಲೆಯಲ್ಲಿ ಇನ್ನೊಂದು ಬಸ್. ಅದು ನಿಲ್ಲುವುದೇ ಸರೋವರದ ಹತ್ತಿರ. ಮುಂದೆ ಹಸಿರು ನೀರು, ಎಡಬಲ ಕಾಡು, ಎದುರಿಗೆ ಡಾಖ್‌ಸ್ಟೈನ್ ಶಿಖರ ಮತ್ತು ಅದರ ಹಿಮನದಿ. ಸುತ್ತುದಾರಿ ಬಹುಮಟ್ಟಿಗೆ ಸಮತಟ್ಟು, ಸಾಮಾನ್ಯ ನಡಿಗೆಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ನನ್ನ ಅಮ್ಮ ಅರ್ಧ ದಾರಿಯಲ್ಲಿ ಬೆಂಚಿನ ಮೇಲೆ ಕುಳಿತು, ‘ನೀವು ಸುತ್ತಿ ಬನ್ನಿ, ನನಗೆ ಇಲ್ಲೇ ಸಾಕು’ ಎಂದರು. ನಾವು ಬರುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಜರ್ಮನ್ ಅಜ್ಜಿಯ ಜೊತೆ ಕೈಸನ್ನೆಯಲ್ಲೇ ಮೊಮ್ಮಕ್ಕಳ ಲೆಕ್ಕ ಮುಗಿಸಿದ್ದರು. ಆ ಪ್ರವಾಸದಲ್ಲಿ ಅವರು ಈಗಲೂ ನೆನೆಯುವುದು ಈ ಜಾಗವನ್ನು, ಅರಮನೆಗಳನ್ನಲ್ಲ.

ಮ್ಯೂನಿಕ್‌ನಿಂದ, ಬೆಟ್ಟ ಹತ್ತುವ ಹವ್ಯಾಸದವರು:

ನಿಮ್ಮ ದಿನಗಳಿಗೆ ಈಗಲೇ ಹೆಸರಿಡಬೇಡಿ. ಬೆಟ್ಟದ ದಿನ ಯಾವುದು ಎಂದು ಹವಾಮಾನ ಹೇಳಲಿ. ಪಕ್ಕದ ಊರು ಓಬರ್‌ಟ್ರೌನ್‌ನಿಂದ ಕ್ರಿಪ್ಪನ್‌ಸ್ಟೈನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರು ಅಗ್ಗವಲ್ಲ, ಮೋಡ ಕವಿದರೆ ಮೇಲೆ ಬಿಳಿ ಗೋಡೆಯ ಹೊರತು ಏನೂ ಕಾಣುವುದಿಲ್ಲ. ಬೆಟ್ಟದ ಮೇಲಿನ ಕ್ಯಾಮೆರಾಗಳ ನೇರ ಚಿತ್ರ ಜಾಲತಾಣದಲ್ಲಿ ಸಿಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡಿ, ಆಕಾಶ ತಿಳಿಯಾಗಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ಮೊದಲ ಗಾಡಿಗಳಲ್ಲಿ ಏರಿಬಿಡಿ.

ಕೇಬಲ್ ಕಾರಿನ ಮೊದಲ ನಿಲ್ದಾಣ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಹಿಮಗುಹೆ, ಮ್ಯಾಮತ್ ಗುಹೆ ಎರಡೂ ಅಲ್ಲಿಂದ. ಎರಡನೆಯ ನಿಲ್ದಾಣ ಸುಮಾರು 2,100 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಇನ್ನೂ ಮೇಲೆ. ಅಲ್ಲಿಂದ ಅಗಲವಾದ ದಾರಿಯಲ್ಲಿ ಅರ್ಧ ಗಂಟೆಯೊಳಗೆ ‘ಐದು ಬೆರಳು’ ಎಂಬ ವೀಕ್ಷಣಾ ಕಟ್ಟೆ. ಅಂಗೈಯಿಂದ ಬೆರಳು ಚಾಚಿದ ಹಾಗೆ ಐದು ಉಕ್ಕಿನ ಸೇತುವೆಗಳು ಪ್ರಪಾತದ ಮೇಲೆ ಚಾಚಿಕೊಂಡಿವೆ, ಅಡಿಯಲ್ಲಿ ಸುಮಾರು 400 ಮೀಟರ್ ಬರೀ ಗಾಳಿ. ಒಂದರ ನೆಲ ಗಾಜಿನದು, ಇನ್ನೊಂದರ ತುದಿಯಲ್ಲಿ ದೊಡ್ಡ ಚಿತ್ರಚೌಕಟ್ಟು. ಕೆಳಗೆ ಇಡೀ ಹಾಲ್‌ಸ್ಟಾಟ್ ಸರೋವರ, ದಡದಲ್ಲಿ ನೀವು ತಂಗಿರುವ ಹಳ್ಳಿ. ಹೋಗುವಾಗ ಇಳಿಜಾರು ಹೆಚ್ಚು, ಬರುವಾಗ ಏರು. ಅಮ್ಮ ಬರುವುದಾದರೆ ಹಿಂದಿರುಗುವ ದಾರಿಯ ಲೆಕ್ಕ ಹಾಕಿ ಹೊರಡಿ. ಬಾರದಿದ್ದರೂ ನಿಲ್ದಾಣದ ಸುತ್ತಲೇ ನೋಡುವುದಕ್ಕೆ ಬೇಕಾದಷ್ಟಿದೆ.

ಹವಾಮಾನದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ರಿಪ್ಪನ್‌ಸ್ಟೈನ್ ಮೇಲೆ ಹೈಲ್‌ಬ್ರಾನ್ ಶಿಲುಬೆ ಎಂಬ ಸ್ಮಾರಕವಿದೆ. 1954ರ ಈಸ್ಟರ್ ವಾರದಲ್ಲಿ ಜರ್ಮನಿಯ ಹೈಲ್‌ಬ್ರಾನ್ ಊರಿನ ಶಾಲೆಯೊಂದರ 10 ವಿದ್ಯಾರ್ಥಿಗಳು, 3 ಶಿಕ್ಷಕರು ಹವೆ ಕೆಡುತ್ತಿದ್ದರೂ ಓಬರ್‌ಟ್ರೌನ್‌ನಿಂದ ನಡೆದು ಮೇಲೇರಿದರು. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿ ಅಷ್ಟೂ ಜನ ಸತ್ತರು. ಶಿಲುಬೆಯ ಪಕ್ಕದಲ್ಲಿ ಹಾದುಹೋಗುವ ಸುತ್ತುದಾರಿ ಇಂದು ಚೆನ್ನಾಗಿದೆ, ಗುರುತುಗಳಿವೆ, ಆದರೆ ಬೆಟ್ಟ ಅದೇ ಬೆಟ್ಟ. ಸೆಪ್ಟೆಂಬರ್‌ನಲ್ಲೂ ಮೇಲೆ ಹಿಮ ಬೀಳಬಹುದು. ಎಲ್ಲರಿಗೂ ಉಣ್ಣೆಯ ಟೋಪಿ, ಗಾಳಿ ತಡೆಯುವ ಜಾಕೆಟ್, ಹಿಡಿತವಿರುವ ಬೂಟು. ಚಪ್ಪಲಿಯಲ್ಲಿ ಹೋಗಬೇಡಿ.

ಕೆಳಗೆ ಸುಲಭದ ನಡಿಗೆ ಬೇಕೆಂದರೆ ಪೂರ್ವ ದಡದ ಕಾಲುದಾರಿ ಹಿಡಿಯಿರಿ. ಓಬರ್‌ಟ್ರೌನ್‌ನಿಂದ ಹಾಲ್‌ಸ್ಟಾಟ್ ರೈಲು ನಿಲ್ದಾಣದ ಕಡೆಗೆ ನೀರಿನ ಅಂಚಿನಲ್ಲೇ ಸಾಗುತ್ತದೆ. ಎಲ್ಲರೂ ಊರೊಳಗಿನಿಂದ ಊರನ್ನು ನೋಡುತ್ತಾರೆ. ಇಲ್ಲಿಂದ ಬೆಟ್ಟ, ಊರು, ನೀರಿನಲ್ಲಿ ಎರಡರ ನೆರಳು ಒಟ್ಟಿಗೆ ಕಾಣುತ್ತವೆ. ದಣಿವಾದರೆ ದೋಣಿ ಹತ್ತಿ ಊರಿಗೆ. ಲಾನ್‌ನ ಹಿಂದಿನ ಎಕರ್ನ್ ಕಣಿವೆಯೂ ಚೆಂದ, ಮೊದಲರ್ಧ ಸಲೀಸು. ಕೊನೆಯಲ್ಲಿ ವಾಲ್ಡ್‌ಬಾಖ್‌ಸ್ಟ್ರುಬ್ ಜಲಪಾತಕ್ಕೆ ಮಾತ್ರ ಹತ್ತಬೇಕು.

ವಿಯೆನ್ನಾದಲ್ಲಿ ಓದುತ್ತಿರುವವರು:

ಎಲ್ಲರೂ ನೋಟದ ಬಗ್ಗೆ ಬರೆದಿದ್ದಾರೆ. ಮಗಳಿಗೆ ಕತೆಯನ್ನೂ ಹೇಳಿ ಕರೆದೊಯ್ಯಿರಿ, ಆಗ ಗಣಿ ಬರೀ ಜಾರುಬಂಡೆಯಾಗಿ ಉಳಿಯುವುದಿಲ್ಲ. ಈ ಕಣಿವೆಯಲ್ಲಿ ಮನುಷ್ಯರು ಉಪ್ಪು ತೆಗೆಯುತ್ತಾ ಬಂದದ್ದು ಸುಮಾರು 7,000 ವರ್ಷಗಳಿಂದ. ಉಪ್ಪು ಯಾವುದನ್ನೂ ಕೊಳೆಯಲು ಬಿಡುವುದಿಲ್ಲ. ಹಾಗಾಗಿ ಕಂಚಿನ ಯುಗದ ಗಣಿಗಾರರು ಬಳಸಿದ ಮರದ ಏಣಿಮೆಟ್ಟಿಲು, ತೊಗಲಿನ ಬೆನ್ನುಚೀಲ ಕೂಡ ಉಳಿದುಕೊಂಡಿವೆ. ಆ ಮೆಟ್ಟಿಲು 2003ರಲ್ಲಿ ಸಿಕ್ಕಿತು. ಮರದ ಉಂಗುರಗಳನ್ನು ಎಣಿಸಿ ಕ್ರಿಸ್ತಪೂರ್ವ 1344ರ ಹೊತ್ತಿಗೆ ಕಡಿದ ಮರವೆಂದು ಕಂಡುಕೊಂಡರು, ಗಣಿಯೊಳಗೆ ಅದನ್ನು ತೋರಿಸುತ್ತಾರೆ. 1734ರಲ್ಲಿ ಹಿಂದೆಂದೋ ಸತ್ತ ಗಣಿಗಾರನೊಬ್ಬನ ದೇಹವೇ ಉಪ್ಪಿನಲ್ಲಿ ಕೆಡದೆ ಸಿಕ್ಕಿತ್ತು. ಗಾಡಿ ಇಳಿದು ಗಣಿಯ ಕಡೆಗೆ ನಡೆಯುವಾಗ ಕಾಲಡಿಯಲ್ಲಿರುವುದು ಕಬ್ಬಿಣ ಯುಗದ ಸ್ಮಶಾನ. ಗಣಿಯ ಅಧಿಕಾರಿಯಾಗಿದ್ದ ಯೋಹಾನ್ ಗೇಯೋರ್ಗ್ ರಾಮ್‌ಸೌವರ್ 1846ರಿಂದ 1863ರವರೆಗೆ ಅಲ್ಲಿ ಸುಮಾರು 980 ಗೋರಿಗಳನ್ನು ಅಗೆದು ದಾಖಲಿಸಿದ. ಯೂರೋಪಿನ ಆ ಕಾಲಘಟ್ಟವನ್ನೇ ಇತಿಹಾಸಕಾರರು ಈ ಹಳ್ಳಿಯ ಹೆಸರಿನಿಂದ ಕರೆಯುತ್ತಾರೆ.

ಬೆಟ್ಟದ ಉಪ್ಪುನೀರನ್ನು ಎಬೆನ್‌ಜೆವರೆಗೆ ಸುಮಾರು 40 ಕಿಲೋಮೀಟರ್ ಸಾಗಿಸಲು 1595ರಲ್ಲಿ ಕೆಲಸ ಆರಂಭಿಸಿ, ಕೊರೆದ ಮರದ ದಿಮ್ಮಿಗಳನ್ನು ಒಂದಕ್ಕೊಂದು ಜೋಡಿಸಿ ಕೊಳವೆ ಹಾಕಿದ್ದರು. ಆ ಕೊಳವೆಯ ದಾರಿ ಈಗ ಕಾಲುದಾರಿಯಾಗಿದೆ.

ಕ್ಯಾಥೊಲಿಕ್ ಚರ್ಚಿನ ಹಿಂದಿನ ಎಲುಬಿನ ಮನೆಗೆ ಮಗಳನ್ನು ಕರೆದೊಯ್ಯಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ. ನನಗೆ ಅದು ಭಯ ಹುಟ್ಟಿಸುವ ಜಾಗವಾಗಿ ಕಾಣಲಿಲ್ಲ. ಬಂಡೆಗೂ ನೀರಿಗೂ ನಡುವೆ ಹೂಳುವುದಕ್ಕೆ ಜಾಗವಿಲ್ಲದ ಊರು. ಕೆಲವು ವರ್ಷ ಕಳೆದ ಮೇಲೆ ಗೋರಿ ತೆರೆದು, ಎಲುಬು ತೆಗೆದು, ತಲೆಬುರುಡೆಯನ್ನು ಬಿಸಿಲಿನಲ್ಲಿ ಬೆಳ್ಳಗಾಗಿಸಿ ಅದರ ಮೇಲೆ ಹೆಸರು, ಹೂಬಳ್ಳಿ ಬರೆದು ಇಡುತ್ತಿದ್ದರು. 1,200ಕ್ಕೂ ಹೆಚ್ಚು ಬುರುಡೆಗಳಲ್ಲಿ ಸುಮಾರು 610ರ ಮೇಲೆ ಚಿತ್ರವಿದೆ. ಹಣೆಯ ಮೇಲೆ ಗುಲಾಬಿ, ಐವಿ ಬಳ್ಳಿ, ನಡುವೆ ದುಂಡು ಅಕ್ಷರದ ಹೆಸರು. ಒಂದೇ ಮನೆಯವರನ್ನು ಅಕ್ಕಪಕ್ಕ ಜೋಡಿಸಿದ್ದಾರೆ. ಕೊನೆಯದನ್ನು ಇಟ್ಟದ್ದು 1995ರಲ್ಲಿ. ಆದರೆ ಅಲ್ಲಿಗೆ ಮೆಟ್ಟಿಲು ಹತ್ತಿ ಹೋಗಬೇಕು, ಅಮ್ಮ ಕೆಳಗಿನ ಚೌಕದಲ್ಲಿ ಕೂರಲಿ.

ಕೇಳಿದವರು:

ಇಷ್ಟು ಅಕ್ಕರೆಯಿಂದ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಮೂರು ರಾತ್ರಿ ಖಚಿತ, ಲಾನ್‌ನಲ್ಲೇ ಮನೆ ಹುಡುಕುತ್ತೇವೆ. ಎರಡು ಪ್ರಶ್ನೆ ಉಳಿದಿವೆ: ದಿನವಿಡೀ ಮಳೆ ಹಿಡಿದರೆ ಏನು ಮಾಡುವುದು? ಊಟಕ್ಕೆ ಏನು? ಇನ್ನೊಂದು, ಊರಿನವರಿಗೆ ಪ್ರವಾಸಿಗರೆಂದರೆ ಸಿಟ್ಟು ಎಂದು ಓದಿದೆ, ನಿಜವೇ?

ಸಾಲ್ಜ್‌ಬರ್ಗ್‌ನಲ್ಲಿ ನೆಲೆಸಿರುವವರು:

ಸಿಟ್ಟು ಮನುಷ್ಯರ ಮೇಲಲ್ಲ, ಗದ್ದಲದ ಮೇಲೆ. 2023ರ ಮೇ ತಿಂಗಳಲ್ಲಿ ಫೋಟೊ ತೆಗೆಯುವ ಜಾಗದಲ್ಲಿ ನೋಟ ಮರೆಯಾಗುವಂತೆ ಮರದ ತಡಿಕೆ ನಿಲ್ಲಿಸಿ, ಟೀಕೆ ಬಂದ ಮೇಲೆ ತೆಗೆದರು. ಅದೇ ಆಗಸ್ಟ್‌ನಲ್ಲಿ ಊರಿನವರು ಸುರಂಗದ ರಸ್ತೆ ತಡೆದು ಪ್ರತಿಭಟಿಸಿದರು. ಕಿಟಕಿಯ ಹೊರಗೆ ಬೆಳಗಿನಿಂದ ಸಂಜೆಯವರೆಗೆ ಜನ ಗುಂಪುಗೂಡಿದರೆ ಯಾರಿಗಾದರೂ ಬೇಸರವಾಗುತ್ತದೆ. ನೀವು ತಂಗಿ, ಅಲ್ಲೇ ಉಂಡು, ಸಿಕ್ಕವರಿಗೆ ‘ಗ್ರ್ಯೂಸ್ ಗಾಟ್’ ಎಂದು ನಮಸ್ಕಾರ ಹೇಳಿ ನೋಡಿ, ಮುಖವರಳಿಸಿ ಮಾತನಾಡುತ್ತಾರೆ. ಮನೆಯಂಗಳಕ್ಕೆ, ಮೆಟ್ಟಿಲಿಗೆ ಫೋಟೊಗಾಗಿ ಕಾಲಿಡಬೇಡಿ, ಅಷ್ಟೇ.

ಊಟಕ್ಕೆ ಚೀಸ್ ಬೆರೆಸಿದ ಹಿಟ್ಟಿನ ಉಂಡೆಗಳ ತಿನಿಸು ‘ಕಾಸ್‌ನಾಕೆನ್’ ಹೆಚ್ಚು ಕಡೆ ಸಿಗುತ್ತದೆ. ಅದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಕೈಸರ್‌ಶ್ಮಾರ್ನ್ ಎಂಬ ಸಿಹಿಯೂ ಹಾಗೆಯೇ. ಮೊಟ್ಟೆ ತಿನ್ನದವರಾದರೆ ಮೊದಲೇ ಕೇಳಿಕೊಳ್ಳಿ. ತರಕಾರಿ ಸೂಪನ್ನೂ ಮಾಂಸದ ಸಾರಿನಲ್ಲಿ ಮಾಡಿರಬಹುದು. ಅಡುಗೆಮನೆ ಇರುವ ವಸತಿ ಹಿಡಿದು ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ದರೆ ಅಮ್ಮನಿಗೂ ನೆಮ್ಮದಿ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು, ಮೊಸರು ತಂದಿಟ್ಟುಕೊಳ್ಳಿ. ನೀರು ಕೊಳ್ಳಬೇಡಿ, ನಲ್ಲಿಯಲ್ಲಿ ಬರುವುದೇ ಬೆಟ್ಟದ ಒಳ್ಳೆಯ ನೀರು.

ಮಳೆ ಹಿಡಿದ ದಿನ ಗಣಿಗೆ ಹೋಗಿ, ಒಳಗೆ ಮಳೆಯ ಹಂಗಿಲ್ಲ. ಇಲ್ಲವೇ ರೈಲು ಹತ್ತಿ ಬಾಡ್ ಇಶ್ಲ್‌ಗೆ ಹೋಗಿ: ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಬೇಸಿಗೆ ಕಳೆಯುತ್ತಿದ್ದ ಭವನವಿದೆ, ಸಿಹಿತಿಂಡಿ ಅಂಗಡಿಗಳಿವೆ, ರಸ್ತೆಗಳು ಸಮತಟ್ಟು. ಹಿಂದಿರುಗುವಾಗ ಒಂದನ್ನು ಮರೆಯಬೇಡಿ. ಸಂಜೆ ಕೊನೆಯ ದೋಣಿ ಹೋದ ಮೇಲೂ ರೈಲುಗಳು ಬರುತ್ತವೆ, ಅವುಗಳಲ್ಲಿ ಬಂದು ಹಾಲ್‌ಸ್ಟಾಟ್‌ನಲ್ಲಿ ಇಳಿದರೆ ಕತ್ತಲ ದಡದಲ್ಲಿ ಸಿಕ್ಕಿಕೊಳ್ಳುತ್ತೀರಿ. ದೋಣಿಯ ವೇಳಾಪಟ್ಟಿಯ ಫೋಟೊ ಮೊದಲ ದಿನವೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ತಡವಾಯಿತೆಂದರೆ ಮುಂದಿನ ನಿಲ್ದಾಣ ಓಬರ್‌ಟ್ರೌನ್‌ನಲ್ಲಿ ಇಳಿದು ಟ್ಯಾಕ್ಸಿಗೆ ಫೋನ್ ಮಾಡಿ. ಅಲ್ಲಿಂದ ಲಾನ್‌ಗೆ ರಸ್ತೆಯಿದೆ.