ಐವತ್ತಾರಕ್ಕೆ ಬಂದ ಮೂರು ನೇಮಕಪತ್ರಗಳು

ಐವತ್ತಾರನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೆ ಊರೆಲ್ಲ ಅನುಕಂಪ ತೋರಿಸುತ್ತದೆ. ಅದೇ ಮನುಷ್ಯನ ಕೈಗೆ ಮೂರು ನೇಮಕಪತ್ರಗಳು ಒಟ್ಟಿಗೆ ಬಂದಿವೆಯೆಂದು ತಿಳಿದರೆ ಅನುಕಂಪ ಆ ಕ್ಷಣವೇ ನಿಂತು ಸಲಹೆ ಆರಂಭವಾಗುತ್ತದೆ. ನನಗೆ ಸಲಹೆ ಕೊಡುವ ಭಾರವನ್ನು ರಾಜಾಜಿನಗರದ ನಮ್ಮ ಭಾನುವಾರದ ಕಾಫಿ ಮಂಡಳಿ ಯಾರೂ ಕೇಳದೆಯೇ ಹೊತ್ತುಕೊಂಡಿತು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಬ್ಯಾಂಕಿನ ಸಾಲ ವಿಭಾಗದಿಂದ ನಿವೃತ್ತರಾದ ರಾಯರು, ನಿವೃತ್ತರಾಗುವ ಲಕ್ಷಣವೇ ಕಾಣದ ಕಾರ್ಮಿಕ ಕಾನೂನಿನ ವಕೀಲರು ಮತ್ತು ಇವರೆಲ್ಲರ ಬಾಯಲ್ಲಿ ‘ಇಂಜಿನಿಯರು’ ಎನಿಸಿಕೊಂಡಿರುವ ನಾನು, ಇಷ್ಟೇ ಆ ಮಂಡಳಿ. ನಾನು ಓದಿದ್ದು ಡಿಪ್ಲೊಮಾ ಎಂಬುದನ್ನು ಮೇಷ್ಟ್ರು ಮಾತ್ರ ಆಗಾಗ ನೆನಪಿಸುತ್ತಾರೆ.

ಕೆಲಸ ಹೋದ ಬಗೆಯಲ್ಲಿ ವಿಶೇಷವೇನೂ ಇಲ್ಲ. ನಮ್ಮ ಕಾರ್ಖಾನೆಯವರು ಉತ್ಪಾದನಾ ಯೋಜನೆಯ ವಿಭಾಗವನ್ನು ಪುಣೆಯ ಕಚೇರಿಯಲ್ಲಿ ವಿಲೀನಗೊಳಿಸಿದರು. ವಿಭಾಗ ವಿಲೀನವಾಯಿತು, ನಾನು ಆಗಲಿಲ್ಲ. ಪರಿಹಾರದ ಮೊತ್ತ ಇಷ್ಟೇಕೆ ಕಡಿಮೆಯೆಂದು ನಾನು ಕೇಳಿದಾಗ ವಕೀಲರು ಕಾಫಿಯ ಲೋಟ ಕೆಳಗಿಟ್ಟು, “ನೀವು ಡೆಪ್ಯುಟಿ ಮ್ಯಾನೇಜರ್ ಆದ ದಿನ ನಮಗೆಲ್ಲ ಮೈಸೂರು ಪಾಕು ಹಂಚಿದಿರಲ್ಲ, ಆ ದಿನವೇ ನಿಮ್ಮ ಪರಿಹಾರ ಹೋಯಿತು” ಎಂದರು. ಅವರು ವಿವರಿಸಿದ ಪ್ರಕಾರ, ಕಾರ್ಮಿಕರೆಂಬ ವ್ಯಾಖ್ಯೆಯೊಳಗೆ ಬರುವವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನ, ಕೊನೆಗೆ ಸೇರಿದವರು ಮೊದಲು ಹೊರಹೋಗಬೇಕೆಂಬ ಕ್ರಮ ಎಲ್ಲವೂ ಕೈಗಾರಿಕಾ ವಿವಾದಗಳ ಕಾಯಿದೆಯ ಕಾಲದಿಂದ ಇವೆ. ಆಡಳಿತದ ಹುದ್ದೆಗೆ ಏರಿದವರಿಗೆ ಮಾತ್ರ ಅವರ ನೇಮಕಪತ್ರದಲ್ಲಿ ಏನು ಬರೆದಿದೆಯೋ ಅದೇ ಗತಿ. ನನ್ನ ಪತ್ರದಲ್ಲಿ ‘ಎರಡು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ’ ಎಂದು ಬರೆದಿತ್ತು. ಮೈಸೂರು ಪಾಕು ಒಂದು ಕಿಲೋ ತಂದಿದ್ದೆನೆಂದು ರಾಯರಿಗೆ ಈಗಲೂ ನೆನಪಿದೆ.

ಈ ಹಿನ್ನೆಲೆಯಲ್ಲಿ ಮಂಡಳಿಯವರು ಹೊಸ ಪತ್ರಗಳನ್ನು ಒಂದೊಂದಾಗಿ ಪರಿಶೀಲಿಸತೊಡಗಿದರು. ಮೊದಲನೆಯದು ಹೊಸೂರಿನ ದೊಡ್ಡ ಕಾರ್ಖಾನೆಯದು: ಖಾಯಂ ಹುದ್ದೆ, ವಾರ್ಷಿಕ ಹದಿನೆಂಟು ಲಕ್ಷ. ಆ ಅಂಕಿಯನ್ನು ಕೇಳಿದೊಡನೆ ರಾಯರು ಇನ್ನೊಂದು ಪ್ಲೇಟು ವಡೆ ಹೇಳಿ, ಬಿಲ್ಲನ್ನು ನನ್ನ ಕಡೆಗೆ ಸರಿಸಿದರು. ಮೇಷ್ಟ್ರು ಮಾತ್ರ ಪತ್ರದ ಕೊನೆಯ ಹಾಳೆಯನ್ನು, ಅಂದರೆ ಸಂಬಳದ ಪಟ್ಟಿಯಿರುವ ಅನುಬಂಧವನ್ನು, ಎಳೆದುಕೊಂಡು ಜೇಬಿನಿಂದ ಪೆನ್ನು ತೆಗೆದರು.

“ಮೂಲವೇತನ ತಿಂಗಳಿಗೆ 75,000. ಈ ಹದಿನೆಂಟು ಲಕ್ಷದಲ್ಲಿ ಕಂಪನಿಯವರು ಭವಿಷ್ಯನಿಧಿಗೆ ಕಟ್ಟುವ ಅವರ ಪಾಲು 1,08,000 ಸೇರಿದೆ. ಕಂಪನಿಯ ಲಾಭ, ವಿಭಾಗದ ಸಾಧನೆ ಮತ್ತು ಮೇಲಧಿಕಾರಿಯ ಮನಸ್ಸು ಮೂರೂ ಕೂಡಿ ಬಂದರೆ ಮಾತ್ರ ಸಿಗುವ ವೇರಿಯಬಲ್ ವೇತನ 2,70,000 ಸೇರಿದೆ. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಗ್ರಾಚ್ಯುಯಿಟಿಯೆಂದು 43,269 ರೂಪಾಯಿಯೂ ಸೇರಿದೆ. ಇವನ್ನೆಲ್ಲ ಕಳೆದು, ನಿಮ್ಮದೇ ಭವಿಷ್ಯನಿಧಿಯ ಪಾಲನ್ನೂ ಕಳೆದರೆ ತಿಂಗಳಿಗೆ ಉಳಿಯುವುದು 1,05,894. ಆದಾಯ ತೆರಿಗೆಯವರು ಇನ್ನೂ ಬಾಗಿಲು ತಟ್ಟಿಲ್ಲ” ಎಂದು ಅವರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಮುಗಿಸಿ ಗೆರೆ ಎಳೆದರು. ಮದುವೆಗೆ ಬಾರದ ನೆಂಟರ ಹೆಸರುಗಳನ್ನೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದಂತೆ ಆ ಪಟ್ಟಿ ನನ್ನ ಕಣ್ಣಿಗೆ ಕಂಡಿತು.

ಗ್ರಾಚ್ಯುಯಿಟಿಯ ಸಾಲಿಗೆ ಬಂದಾಗ ವಕೀಲರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮೂಲವೇತನದ ಶೇ. 4.81 ಎಂಬ ಈ ವಿಚಿತ್ರ ಅಂಕಿ ಬಹಳಷ್ಟು ಕಂಪನಿಗಳ ಪತ್ರಗಳಲ್ಲಿ ಇರುತ್ತದೆ. ತಿಂಗಳಿಗೆ ಇಪ್ಪತ್ತಾರು ಕೆಲಸದ ದಿನಗಳೆಂದು ಹಿಡಿದು, ವರ್ಷಕ್ಕೆ ಹದಿನೈದು ದಿನಗಳ ವೇತನವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಬರುವ ಅಂಕಿ ಅದು. “ಆದರೆ ಖಾಯಂ ನೌಕರನಿಗೆ ಅದು ದಕ್ಕಬೇಕಾದರೆ ಐದು ವರ್ಷಗಳ ನಿರಂತರ ಸೇವೆ ಬೇಕು. ನಿಮಗೆ ಈಗ 56. ಇವರಲ್ಲಿ ನಿವೃತ್ತಿ 60ಕ್ಕೆ. ಅಂದರೆ ನಾಲ್ಕು ವರ್ಷ ನಿಮ್ಮ ಸಂಬಳದ ಲೆಕ್ಕದಲ್ಲಿ ತೋರಿಸಿದ 1,73,077 ರೂಪಾಯಿಯನ್ನು ಕೊನೆಯ ದಿನ ನಿಮಗೆ ಹಾರ ಹಾಕಿ ಅವರೇ ಇಟ್ಟುಕೊಳ್ಳುತ್ತಾರೆ” ಎಂದರು ವಕೀಲರು.

“ಇದಕ್ಕೆ ವಿನಾಯಿತಿ ಏನೂ ಇಲ್ಲವೇ?” ಎಂದು ರಾಯರು ಕಳವಳದಿಂದ ಕೇಳಿದರು.

“ಇದೆ. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ.”

“ಹಾಗಾದರೆ ದಾರಿ ಪೂರ್ತಿ ಮುಚ್ಚಿಲ್ಲ” ಎಂದು ರಾಯರು ಸಮಾಧಾನಪಟ್ಟುಕೊಂಡರು. ಸಾಲ ಕೊಟ್ಟು ಅಭ್ಯಾಸವಿರುವವರು ಮನುಷ್ಯನ ಸಾವನ್ನು ಸದಾ ಇನ್ನೊಂದು ಕಡೆಯಿಂದ ನೋಡುತ್ತಾರೆ.

ಹೊಸೂರಿನವರು ಪತ್ರದ ಜೊತೆಗೆ ಆರು ತಿಂಗಳ ಪ್ರೊಬೇಷನ್ನನ್ನೂ ಕೊಟ್ಟಿದ್ದರು. ನನ್ನ ಹಿನ್ನೆಲೆಯ ಪರಿಶೀಲನೆಗೆಂದು 1985ರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಕೇಳಿದ್ದರು. ಲ್ಯಾಮಿನೇಷನ್ನಿನೊಳಗೆ ಹಳದಿಗಟ್ಟಿ, ಮಡಿಸಿದ ಗೆರೆಯ ಮೇಲಿದ್ದ ಒಂದೆರಡು ಅಂಕಿಗಳು ಅಳಿಸಿಯೇ ಹೋಗಿದ್ದ ಅದನ್ನು ನಾನು ಜೆರಾಕ್ಸ್ ಮಾಡಿಸಲು ತಂದಿದ್ದೆ. ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಗಣಿತದ ಸಾಲನ್ನು ಹುಡುಕಿ, ಅಲ್ಲಿದ್ದ ನಲವತ್ತೊಂದನ್ನು ನೋಡಿ, ಇಷ್ಟು ವರ್ಷ ದೇಶದ ಉತ್ಪಾದನೆಯ ಯೋಜನೆಯನ್ನು ಯಾರ ಕೈಗೆ ಕೊಟ್ಟಿದ್ದರೆಂಬ ಅರ್ಥ ಬರುವಂತೆ ನನ್ನನ್ನು ದೃಷ್ಟಿಸಿದರು.

ಪ್ರಯಾಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ರಾಜಾಜಿನಗರದಲ್ಲಿ ಹಸಿರು ಮಾರ್ಗದ ರೈಲು ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ ಬೊಮ್ಮಸಂದ್ರದವರೆಗೆ ಕುಳಿತೇ ಹೋಗಬಹುದೆಂದು ರಾಯರು ಉತ್ಸಾಹದಿಂದ ಹೇಳಿದರು. ಬೊಮ್ಮಸಂದ್ರದಿಂದಾಚೆ ಅತ್ತಿಬೆಲೆ, ಅಲ್ಲಿಂದಾಚೆ ರಾಜ್ಯದ ಗಡಿ, ಅದರಾಚೆ ಹೊಸೂರು ಇದೆಯೆಂಬುದನ್ನು ಅವರು ಮರೆತರು. ಕುಳಿತೇ ಹೋಗಬಹುದು ಎಂಬ ಮಾತನ್ನು ಯಾವ ಹೊತ್ತಿನ ರೈಲನ್ನು ನೋಡಿ ಹೇಳಿದರೋ ತಿಳಿಯದು.

ಎರಡನೆಯ ಪತ್ರ ಯಲಹಂಕದ ಆಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದಿಂದ ಬಂದದ್ದು, ಮತ್ತು ಮಂಡಳಿಯ ಶಾಂತಿಯನ್ನು ಕದಡಿದ್ದು ಅದೇ. ಅವರು ನನ್ನನ್ನು ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಗೆ ಕರೆದಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯು, 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ ಹದಿನೈದು ವರ್ಷಗಳ ಅನುಭವವಿರುವವರನ್ನು ಪಿಎಚ್.ಡಿ. ಇಲ್ಲದಿದ್ದರೂ ಈ ಹೆಸರಿನಲ್ಲಿ ನೇಮಿಸಿಕೊಳ್ಳಬಹುದು. ಅವಧಿ ಮೂರು ವರ್ಷ ಮೀರಬಾರದು, ವಿಶೇಷ ಸಂದರ್ಭದಲ್ಲಿ ಇನ್ನೊಂದು ವರ್ಷ ಸೇರಿಸಿ ಒಟ್ಟು ನಾಲ್ಕಕ್ಕೆ ನಿಲ್ಲಿಸಬೇಕು. ಐವತ್ತಾರಕ್ಕೆ ನಾಲ್ಕು ಕೂಡಿಸಿದರೆ ಅರವತ್ತು. ಇದು ನನಗಾಗಿಯೇ ಬರೆದ ನಿಯಮವೆಂದು ನನಗೆ ಅನ್ನಿಸಿತ್ತು.

ಜೀವಮಾನವಿಡೀ ಪಾಠ ಹೇಳಿ ‘ಮೇಷ್ಟ್ರು’ ಎಂಬ ಎರಡಕ್ಷರದಲ್ಲೇ ಉಳಿದವರು ಇದನ್ನು ಸುಮ್ಮನೆ ಒಪ್ಪುವ ಹಾಗಿರಲಿಲ್ಲ. “ಗಣಿತದಲ್ಲಿ ನಲವತ್ತೊಂದು ಪಡೆದವರು ಪ್ರೊಫೆಸರ್ ಆಗಬಹುದಾದರೆ ನಾನೂ ಅರ್ಜಿ ಹಾಕುತ್ತೇನೆ, ನನ್ನ ಅನುಭವ ಹದಿನೈದು ವರ್ಷದ ಎರಡು ಪಟ್ಟಿಗಿಂತ ಹೆಚ್ಚಿದೆ” ಎಂದು ಅವರು ಘೋಷಿಸಿದರು. ಆಗ ವಕೀಲರು ಮೊಬೈಲಿನಲ್ಲಿ ಮಾರ್ಗಸೂಚಿಯನ್ನು ತೆರೆದು, ಒಂದು ಸಾಲನ್ನು ಎರಡು ಸಲ ತಾವೇ ಓದಿಕೊಂಡು, ಬಳಿಕ ಬಹಳ ಮೃದುವಾದ ಧ್ವನಿಯಲ್ಲಿ ತಿಳಿಸಿದರು: ಬೋಧನಾ ವೃತ್ತಿಯಲ್ಲಿ ಇರುವವರಿಗಾಗಲಿ, ಅದರಿಂದ ನಿವೃತ್ತರಾದವರಿಗಾಗಲಿ ಈ ಹುದ್ದೆ ತೆರೆದಿಲ್ಲ. ಪಾಠ ಹೇಳುವ ಕೆಲಸಕ್ಕೆ ಪಾಠ ಹೇಳಿದ ಅನುಭವವೇ ಅನರ್ಹತೆಯೆಂದು ಕೇಳಿದ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಅವರ ಮುಂದಿನ ವಡೆಯನ್ನು ರಾಯರು ತಿಂದರೂ ಅವರ ಗಮನ ಆ ಕಡೆಗೆ ಹೋಗಲಿಲ್ಲ.

ಗೌರವದ ವಿಷಯದಲ್ಲಿ ಆ ಪತ್ರಕ್ಕೆ ಸಾಟಿಯಿರಲಿಲ್ಲ. ಆದರೆ ತಿಂಗಳಿಗೆ ಅರವತ್ತು ಸಾವಿರದ ಆ ಒಪ್ಪಂದದಲ್ಲಿ ನನ್ನನ್ನು ನೌಕರನೆಂದು ಕರೆಯದೆ ಸಲಹೆಗಾರನೆಂದು ಕರೆದಿದ್ದರು. ಪಾವತಿಸುವಾಗಲೇ ಶೇ. 10ರಷ್ಟು ತೆರಿಗೆ ಮುರಿದುಕೊಳ್ಳುವ, ಭವಿಷ್ಯನಿಧಿಯಾಗಲಿ ಗ್ರಾಚ್ಯುಯಿಟಿಯಾಗಲಿ ಇಲ್ಲದ, ಎಲ್ಲಕ್ಕಿಂತ ಮುಖ್ಯವಾಗಿ ಆರೋಗ್ಯ ವಿಮೆಯೇ ಇಲ್ಲದ ಗೌರವ ಅದು. ಐವತ್ತಾರರಲ್ಲಿ ಈ ಕೊನೆಯ ಮಾತು ಮೂವತ್ತಾರರಲ್ಲಿ ಕೇಳಿದಂತೆ ಕೇಳಿಸುವುದಿಲ್ಲ. ಹಳೆಯ ಕಂಪನಿಯ ಗುಂಪು ವಿಮೆ ನನ್ನ ಕೊನೆಯ ಕೆಲಸದ ದಿನಕ್ಕೇ ಮುಗಿದಿತ್ತು. ನನಗೆ ಸಕ್ಕರೆ ಕಾಯಿಲೆ, ಮನೆಯವಳಿಗೆ ರಕ್ತದೊತ್ತಡ. ಹೊಸದಾಗಿ ಸ್ವಂತ ಪಾಲಿಸಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಪರಿಹಾರ ಕೊಡುವುದಕ್ಕೆ ಮೂರು ವರ್ಷಗಳವರೆಗೆ ಕಾಯಿಸಲು ಅವಕಾಶವಿದೆ. 2024ಕ್ಕೆ ಮುಂಚೆ ಅದು ನಾಲ್ಕು ವರ್ಷವಿತ್ತೆಂದು ರಾಯರು ಸಂತೋಷದ ಸುದ್ದಿಯ ಧಾಟಿಯಲ್ಲಿ ಹೇಳಿದರು. ನನ್ನ ಸಕ್ಕರೆಗೆ ಕಾಯುವ ವ್ಯವಧಾನವಿದೆಯೇ ಎಂದು ಯಾರೂ ಕೇಳಲಿಲ್ಲ.

ರಾಯರ ನಿಜವಾದ ಅಭಿಪ್ರಾಯವೇ ಬೇರೆ. ಕೆಲಸ ಮಾಡುವುದೇ ಬೇಡವೆಂಬುದು ಅವರ ವಾದ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಅರವತ್ತು ತುಂಬಬೇಕಾದರೂ, ಐವತ್ತೈದು ದಾಟಿ ಕೆಲಸದಿಂದ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬಹುದು; ಬಡ್ಡಿ ಶೇ. 8.2, ಗರಿಷ್ಠ ಮೂವತ್ತು ಲಕ್ಷ, ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಮನೆಗೆ ಬರುತ್ತದೆ ಎಂದು ಅವರು ಬೆರಳು ಮಡಚಿ ಹೇಳಿದರು. ಮೂವತ್ತು ಲಕ್ಷ ಎಲ್ಲಿಂದ ತರುವುದೆಂದು ನಾನು ಕೇಳಿದಾಗ ಅವರು ಅದು ತಮ್ಮ ವಿಭಾಗದ ಪ್ರಶ್ನೆಯಲ್ಲವೆಂಬಂತೆ ಚಟ್ನಿಯ ಕಡೆ ತಿರುಗಿದರು. ಭವಿಷ್ಯನಿಧಿಯ ಪಿಂಚಣಿಯನ್ನಾದರೂ ಈಗಲೇ ತೆಗೆದುಕೊಳ್ಳಲೇ ಎಂದರೆ, 58 ತುಂಬುವ ಮೊದಲು ತೆಗೆದುಕೊಂಡರೆ ವರ್ಷಕ್ಕೆ ಶೇ. 4ರಂತೆ ಜೀವನಪೂರ್ತಿ ಖೋತಾ ಆಗುತ್ತದೆಂದು ಗದರಿದರು. ಸಂಬಳ ಎಷ್ಟೇ ಇದ್ದರೂ ನನ್ನಂಥವರ ಪಿಂಚಣಿಯ ಲೆಕ್ಕಕ್ಕೆ 15,000 ರೂಪಾಯಿಯೇ ಮಿತಿಯಾದ್ದರಿಂದ ಖೋತಾ ಆಗುವುದಕ್ಕೂ ಅಲ್ಲಿ ಹೆಚ್ಚೇನಿಲ್ಲ.

ಮೂರನೆಯ ಪತ್ರವನ್ನು ನಾನು ಸಂಕೋಚದಿಂದಲೇ ಹೊರತೆಗೆದೆ. ನನ್ನ ಕೈಕೆಳಗೆ ಟ್ರೈನಿಯಾಗಿ ಸೇರಿ, ವರ್ನಿಯರ್ ಹಿಡಿಯುವುದನ್ನು ನನ್ನಿಂದಲೇ ಕಲಿತ ಹುಡುಗ ಈಗ ಪೀಣ್ಯದ ಎರಡನೆಯ ಹಂತದಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ವರ್ಕ್‌ಶಾಪು ನಡೆಸುತ್ತಾನೆ. ಹುಡುಗನೆಂದು ನಾನು ಅನ್ನುವುದು ಅಭ್ಯಾಸಬಲದಿಂದ. ಅವನ ತಲೆಗೂದಲು ನನಗಿಂತ ಮೊದಲೇ ಬಿಡುವು ಪಡೆದಿದೆ. ತಿಂಗಳಿಗೆ ಎಪ್ಪತ್ತು ಸಾವಿರ, ಒಂದು ವರ್ಷದ ಅವಧಿ, ಇಬ್ಬರಿಗೂ ಒಪ್ಪಿಗೆಯಾದರೆ ಮುಂದುವರಿಕೆ. “ತಾತ್ಕಾಲಿಕ ಕೆಲಸವೇ?” ಎಂದು ಮೇಷ್ಟ್ರು ಮೌನ ಮುರಿದು ಮೂಗು ಮುರಿದರು.

ವಕೀಲರು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ, ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆಂಬುದು. ಇಪ್ಪತ್ತಕ್ಕಿಂತ ಹೆಚ್ಚು ಎಂದೆ. “ಹಾಗಾದರೆ ಹತ್ತು ಜನರ ಗಡಿ ದಾಟಿದ್ದರಿಂದ ಗ್ರಾಚ್ಯುಯಿಟಿಯೂ, ಇಪ್ಪತ್ತರ ಗಡಿ ಮುಟ್ಟಿದ್ದರಿಂದ ಭವಿಷ್ಯನಿಧಿಯೂ ಬರುತ್ತದೆ. ಇನ್ನು ಈ ತಾತ್ಕಾಲಿಕದ ಸ್ವಾರಸ್ಯ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರನಿಗೆ ಐದು ವರ್ಷದ ಷರತ್ತಿಲ್ಲ. ಒಂದು ವರ್ಷ ಮುಗಿಸಿದರೆ ಅಷ್ಟರಮಟ್ಟಿನ ಗ್ರಾಚ್ಯುಯಿಟಿ ಅವನದು. ಖಾಯಂ ಆಗಿ ನಾಲ್ಕು ವರ್ಷ ದುಡಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ತಾತ್ಕಾಲಿಕವಾಗಿ ಒಂದು ವರ್ಷ ದುಡಿದವನು ಪಡೆದುಕೊಂಡು ಹೋಗುತ್ತಾನೆ. ಆದ್ದರಿಂದ ಇಂಜಿನಿಯರೇ, ನಿಮ್ಮ ವಯಸ್ಸಿಗೆ ಖಾಯಂ ಆಗಿರುವುದು ಲಾಭದ ಸ್ಥಿತಿಯಲ್ಲ.” ಹೀಗೆ ಹೇಳಿ ಅವರು, ಪತ್ರದಲ್ಲಿ ‘ಸಲಹೆಗಾರ’ ಎಂಬ ಪದ ಎಲ್ಲಿಯಾದರೂ ನುಸುಳಿದೆಯೇ ಎಂದು ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಇರಲಿಲ್ಲ. ಆರೋಗ್ಯ ವಿಮೆಯೂ ಇರಲಿಲ್ಲ.

ಅಲ್ಲಿಂದಲೇ ಆ ಹುಡುಗನಿಗೆ ಫೋನು ಮಾಡಿಸಿದರು. ಕಾರ್ಖಾನೆಯ ಗುಂಪು ವಿಮೆಗೆ ನನ್ನನ್ನೂ ಮನೆಯವಳನ್ನೂ ಸೇರಿಸಬೇಕು, ಹಳೆಯ ಕಾಯಿಲೆಗಳಿಗೆ ಮೊದಲ ದಿನದಿಂದಲೇ ರಕ್ಷಣೆ ಇರಬೇಕೆಂದು ನಾನು ಹೇಳುವಷ್ಟರಲ್ಲಿ ಅವನು, “ಆಗಲಿ ಸಾರ್, ಸಂಬಳದಲ್ಲಿ ಎರಡು ಸಾವಿರ ಕಡಿಮೆ ಮಾಡಿಕೊಳ್ಳುತ್ತೇನೆ ಸಾರ್” ಎಂದ. ಅವನ ಈ ‘ಸಾರ್’ ವಿಷಯವಾಗಿ ನನಗೊಂದು ತೊಡಕಿತ್ತು: ನಾಳೆ ಅವನ ಹುಡುಗರೆದುರು ನಾನು ಅವನನ್ನು ಏನೆಂದು ಕರೆಯಬೇಕು? ಮೇಷ್ಟ್ರು ಈ ಪ್ರಶ್ನೆಯನ್ನು ಕೂಡಲೇ ಬಗೆಹರಿಸಿದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದು, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ದಿನ ಅವರು ಯಾವ ಕಷ್ಟವೂ ಇಲ್ಲದೆ ಅವನನ್ನು ‘ಸಾರ್’ ಎಂದಿದ್ದರಂತೆ. ಅವನು ‘ಮೇಷ್ಟ್ರೇ’ ಎಂದೇ ಐನೂರು ರೂಪಾಯಿ ದಂಡದ ರಸೀದಿ ಹರಿದನಂತೆ.

ಇನ್ನುಳಿದದ್ದು ಹುದ್ದೆಯ ಹೆಸರು. ಪತ್ರದಲ್ಲಿ ಆ ಜಾಗವನ್ನು ಪೀಣ್ಯದ ಹುಡುಗ ಖಾಲಿ ಬಿಟ್ಟಿದ್ದ. ಹಿಂದಿನ ಅನುಭವದಿಂದ ಬುದ್ಧಿ ಕಲಿತು ಮ್ಯಾನೇಜರ್ ಎಂಬುದು ಬೇಡವೆಂದು ನಾನೂ, ಹಾಗಾದರೆ ‘ಸಹಾಯಕ’ ಎಂದು ಬರೆಸಿರೆಂದು ರಾಯರೂ, ಅದಕ್ಕಿಂತ ಕೆಳಗಿನದು ಇದ್ದರೆ ಇನ್ನೂ ಭದ್ರವೆಂದು ಮೇಷ್ಟ್ರೂ ಹೇಳಿ, ನನ್ನನ್ನು ಹೆಲ್ಪರ್ ಮಟ್ಟಕ್ಕೆ ಇಳಿಸಿದ ಹೊತ್ತಿಗೆ ವಕೀಲರು, ನ್ಯಾಯಾಲಯದವರು ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸದ ಸ್ವರೂಪವನ್ನು ನೋಡುತ್ತಾರೆಂದು ಹೇಳಿ ನಮ್ಮ ಶ್ರಮವನ್ನೆಲ್ಲ ವ್ಯರ್ಥ ಮಾಡಿದರು. ಅಷ್ಟರಲ್ಲಿ ಅವನಿಂದ ವಾಟ್ಸಾಪಿನಲ್ಲಿ ನನ್ನ ವಿಸಿಟಿಂಗ್ ಕಾರ್ಡಿನ ಮಾದರಿ ಬಂದಿತು. ಹೊನ್ನಿನ ಬಣ್ಣದ ಅಂಚಿನ ನಡುವೆ ನನ್ನ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಟೆಕ್ನಿಕಲ್ ಡೈರೆಕ್ಟರ್’.

ವಕೀಲರು ಹಣೆ ಹಿಡಿದುಕೊಂಡರು. ಅದು ಒಬ್ಬನೇ ಮಾಲೀಕನ ವರ್ಕ್‌ಶಾಪೋ ಪ್ರೈವೇಟ್ ಲಿಮಿಟೆಡ್ ಕಂಪನಿಯೋ, ಈ ಡೈರೆಕ್ಟರ್ ಎಂಬುದು ಕಾರ್ಡಿಗೆ ಮಾತ್ರವೋ ಕಂಪನಿಗಳ ರಿಜಿಸ್ಟ್ರಾರರ ದಾಖಲೆಗೂ ಹೋಗುತ್ತದೆಯೋ ಎಂದು ಬರವಣಿಗೆಯಲ್ಲಿ ಕೇಳದೆ ಯಾವುದಕ್ಕೂ ಸಹಿ ಮಾಡಬಾರದು, ಏಕೆಂದರೆ ಇವತ್ತು ಡೈರೆಕ್ಟರ್ ಎಂದವನು ನಾಳೆ ಸಾಲದ ಜಾಮೀನು ಪತ್ರವನ್ನೂ ಮುಂದಿಡುತ್ತಾನೆ ಎಂದರು.

ಇಷ್ಟು ಹೊತ್ತೂ ಕೆಲಸವೇ ಬೇಡವೆನ್ನುತ್ತಿದ್ದ ರಾಯರು ಈಗ ಮೊದಲ ಬಾರಿಗೆ ನಿಜವಾದ ಆಸಕ್ತಿಯಿಂದ ನನ್ನತ್ತ ಬಾಗಿ, “ಆ ಸಿಎನ್‌ಸಿ ಯಂತ್ರಗಳ ಸಾಲ ಯಾವ ಬ್ಯಾಂಕಿನದು?” ಎಂದು ಕೇಳಿದರು.