ಆರು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ, ಆದರೂ ಹೇಳಿಕೊಳ್ಳೋಕೆ ಯಾಕೆ ಹಿಂಜರಿಕೆ?

ಪ್ರಶ್ನೆ (ಕಿಡಿ_ಹುಡುಗ):
ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ವೆಲ್ಡಿಂಗ್ ಕೆಲಸದಲ್ಲಿದ್ದೇನೆ. ಕೆಲಸ ತುಂಬಾ ಇಷ್ಟ, ಅದರಲ್ಲಿ ಎರಡು ಮಾತಿಲ್ಲ. ಹೆಲ್ಮೆಟ್ ಕೆಳಗೆ ಎಳೆದುಕೊಂಡರೆ ಕಪ್ಪು ಗಾಜಿನಾಚೆ ಕಾಣೋದು ಕರಗಿದ ಲೋಹದ ಆ ಪುಟ್ಟ ಮಡು ಒಂದೇ, ಅದು ಎರಡೂ ಅಂಚನ್ನು ಹಿಡಿಯುತ್ತಿದೆಯಾ ಅಂತ ನೋಡುತ್ತಾ ಇದ್ದ ಹಾಗೆ ಕೈ ತಾನಾಗಿ ಮುಂದಕ್ಕೆ ಸರಿಯುತ್ತೆ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಆದರೆ ನೆಂಟರ ಮಧ್ಯೆ ಯಾರಾದರೂ "ಏನಪ್ಪಾ ಕೆಲಸ?" ಅಂದರೆ "ಒಂದು ಕಂಪನಿಯಲ್ಲಿ" ಅಂತ ಹೇಳಿ ಮಾತು ಬದಲಾಯಿಸುತ್ತೇನೆ. ಜೊತೆಗೆ ಓದಿದವರೆಲ್ಲ ಆಫೀಸಿನಲ್ಲಿದ್ದಾರೆ. ನಿಮಗೆ ಯಾರಿಗಾದರೂ ಹೀಗಾಗಿತ್ತಾ? ಯಾವಾಗ ಸರಿಹೋಯ್ತು?

ಹಳೇ_ಟರ್ನರ್:
ತಮ್ಮಾ, ನನಗೂ ಹಾಗೇ ಆಗುತ್ತಿತ್ತು. ಮೂವತ್ತು ವರ್ಷ ಲೇತ್ (ಲೋಹವನ್ನು ತಿರುಗಿಸುತ್ತಾ ಕೆತ್ತುವ ಯಂತ್ರ) ಮುಂದೆ ನಿಂತವನು ನಾನು.

ಆ ಹಿಂಜರಿಕೆ ಬಿಟ್ಟುಹೋದ ದಿನ ಚೆನ್ನಾಗಿ ನೆನಪಿದೆ. ಬೇರಿಂಗ್ ಕೂರುವ 50 ಮಿ.ಮೀ. ದಪ್ಪದ ಶಾಫ್ಟ್, ಟಾಲರೆನ್ಸ್ ಅಂದರೆ ಸೈಜಿನಲ್ಲಿ ಆಗಬಹುದಾದ ವ್ಯತ್ಯಾಸ ಬರೀ 0.02 ಮಿ.ಮೀ. ತಲೆಕೂದಲೇ ಸುಮಾರು 0.07 ಇರುತ್ತೆ, ಲೆಕ್ಕ ಹಾಕು. ಅದಕ್ಕೂ ಮುಂಚೆ ಎರಡು ಶಾಫ್ಟ್ ಕೆಡಿಸಿದ್ದೆ. ಕೊನೇ ಕಟ್ ಮುಗಿದ ತಕ್ಷಣ ಅಳೆದರೆ ಸೈಜ್ ಸರಿ ಇರುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಡಿಮೆ. ಯಾಕೆ ಅಂದರೆ ಬಿಸಿ ಉಕ್ಕು ಹಿಗ್ಗಿರುತ್ತೆ. ಅಷ್ಟು ದಪ್ಪದ ಶಾಫ್ಟ್ 30 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸಾಕು, ಸುಮಾರು 0.018 ಮಿ.ಮೀ. ಹಿಗ್ಗುತ್ತೆ. ಟಾಲರೆನ್ಸ್ ಅಲ್ಲಿಗೇ ಮುಗೀತು. ಮೂರನೇ ಸಲ ಅವಸರ ಮಾಡಲಿಲ್ಲ. ಆರುವವರೆಗೂ ಸುಮ್ನೆ ಕೂತಿದ್ದೆ, ಆಮೇಲೆ ಕಟ್ ತೆಗೆದು, ಮತ್ತೆ ಆರಿಸಿ, ಅಳೆಯೋಕೆ ಮೈಕ್ರೋಮೀಟರ್ ಹಿಡಿದೆ. ಬಿಗಿ ಸಾಕು ಅಂತ ತಿಳಿಸುವ ಅದರ ರ‍್ಯಾಚೆಟ್ ಟಿಕ್ ಟಿಕ್ ಅಂತು. ಸೈಜ್ ಒಳಗೇ ಇತ್ತು!

ಆವತ್ತು ಯಾರೂ ಶಹಬ್ಬಾಸ್ ಅನ್ನಲಿಲ್ಲ, ನನಗೆ ಬೇಕೂ ಇರಲಿಲ್ಲ. ಮೈಕ್ರೋಮೀಟರ್ ನೀನು ಯಾರ ಮಗ, ಎಷ್ಟು ಓದಿದ್ದೀಯಾ ಅಂತ ಕೇಳಲ್ಲಪ್ಪಾ.

ಎಲೆಕ್ಟ್ರಿಷಿಯನ್_ಅಕ್ಕ:
ಹಿರಿಯರು ಹೇಳಿದ್ದು ನಿಜ. ಆದರೆ ಇನ್ನೊಂದು ಮಾತಿದೆ. "ಒಂದು ಕಂಪನಿಯಲ್ಲಿ" ಅಂದುಬಿಟ್ಟರೆ ಕೇಳಿದವರಿಗೆ ತಾನೇ ಏನು ಗೊತ್ತಾಗಬೇಕು? ನಾವು ಬಾಯಿಬಿಟ್ಟು ಹೇಳದೆ ಜನರಿಗೆ ಗೊತ್ತಿಲ್ಲ ಅಂತ ಬೇಜಾರು ಮಾಡಿಕೊಂಡರೆ ಹೇಗೆ, ಅಲ್ವಾ?

ಒಂದು ಮನೆಗೆ ಕರೆದಿದ್ದರು. ಒಂದು ಕೋಣೆಯಲ್ಲಿ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು, ಪಕ್ಕದ ಕೋಣೆಯಲ್ಲಿ ಮಂಕು. ಅವರು ಬಲ್ಬು ಬದಲಾಯಿಸುತ್ತಲೇ ಇದ್ದರು. ಮೂರು ಫೇಸ್ ಮನೆ ಅಂತ ಗೊತ್ತಾದ ಕೂಡಲೇ ಮೊದಲು ಮೇನ್ ಆಫ್ ಮಾಡಿಸಿದೆ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಬಿಟ್ಟಿತ್ತು. ಹಾಗಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಏರಿ ಇನ್ನೊಂದರಲ್ಲಿ ಇಳಿಯುತ್ತೆ. ಒಂದೇ ಒಂದು ಸ್ಕ್ರೂ ಸಡಿಲ ಆಗಿ ವೈರಿನ ತುದಿ ಕರಕಲಾಗಿತ್ತು. ಸುಟ್ಟ ಭಾಗ ಕತ್ತರಿಸಿ ಹೊಸದಾಗಿ ಕಟ್ಟಿ ಬಿಗಿ ಮಾಡಿದೆ. ಟಾರ್ಚ್ ಹಿಡಿದು ನಿಂತಿದ್ದ ಆ ಮನೆಯ ಹುಡುಗಿ, "ಬಲ್ಬು ನೋಡಿಯೇ ನಿಮಗೆ ಹೇಗೆ ಗೊತ್ತಾಯ್ತು?" ಅಂದಳು. ಪೂರ್ತಿ ವಿವರಿಸಿದೆ. ಆವತ್ತಿನಿಂದ ಯಾರು ಕೇಳಿದರೂ ನನ್ನ ಕೆಲಸದ ಬಗ್ಗೆ ವಿವರವಾಗಿಯೇ ಹೇಳುತ್ತೇನೆ.

ಪೈಪ್_ವೆಲ್ಡರ್:
ಹೆಮ್ಮೆ ಇರಲಿ, ಅದರ ಹೆಸರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಬೇಡಿ. ಹೊಗೆಗೆ ಮಾಸ್ಕ್ ಹಾಕಿ, ಇದು ಮಾತ್ರ ಮರೆಯಬೇಡಿ.

ಇನ್ನೂ ಕೊಟ್ಟಿಲ್ಲದಿದ್ದರೆ 6ಜಿ ಟೆಸ್ಟ್ (ಪೈಪ್ ವೆಲ್ಡರ್ ಕೈಚಳಕದ ಪರೀಕ್ಷೆ) ಕೊಡಿ. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿರುತ್ತಾರೆ, ಅದನ್ನು ತಿರುಗಿಸುವ ಹಾಗಿಲ್ಲ, ನಾವೇ ಅದರ ಸುತ್ತ ಬಗ್ಗಿ ಎದ್ದು ಬೆಸೆಯಬೇಕು. ಬೆಂಡ್ ಟೆಸ್ಟ್ ಇದ್ದರೆ ಆ ಬೆಸುಗೆಯಿಂದ ಪಟ್ಟಿ ಕತ್ತರಿಸಿ ಬಗ್ಗಿಸಿ ನೋಡುತ್ತಾರೆ. ನನ್ನ ಪಟ್ಟಿ ಬಿರುಕಿಲ್ಲದೆ ಯು ಆಕಾರಕ್ಕೆ ಬಂದಾಗ ಅದನ್ನು ಕೇಳಿ ಮನೆಗೆ ತಂದಿದ್ದೆ. ಇವತ್ತಿಗೂ ಮೇಜಿನ ಮೇಲಿದೆ.

ಕಿಡಿ_ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ನಿನ್ನೆ ಸೋದರಮಾವ ಸಿಕ್ಕಿದ್ದರು, ನಾನೇ ಹೇಳಿದೆ, "ವೆಲ್ಡರ್ ಮಾವ, ಪೈಪು ಬೆಸೆಯುತ್ತೇನೆ" ಅಂತ. "ಸೋರಲ್ಲ ಅಂತ ಹೇಗೆ ಗೊತ್ತಾಗುತ್ತೋ?" ಅಂದರು. ಅರ್ಧ ಗಂಟೆ ಮಾತಾಡಿದ್ದೇನೆ, ಅವರು ಎದ್ದೇ ಹೋಗಲಿಲ್ಲ.

ಪೈಪ್ ವೆಲ್ಡರ್ ಅಣ್ಣಾ, 6ಜಿಗೆ ಈ ತಿಂಗಳೇ ಪ್ರಾಕ್ಟೀಸ್ ಶುರು ಮಾಡುತ್ತೇನೆ. ಬೆಸುಗೆಯ ಮೊದಲ ಪದರವಾದ ರೂಟ್ ಪಾಸ್‌ನಲ್ಲಿ ಪೈಪಿನ ಅಡಿಭಾಗಕ್ಕೆ ಬಂದಾಗ ನನಗೆ ಒಳಗಡೆ ಗುಳಿ ಬೀಳುತ್ತೆ. ನೀವು ಅಲ್ಲಿ ಎಲೆಕ್ಟ್ರೋಡ್ ಹೇಗೆ ಹಿಡಿಯುತ್ತಿದ್ದಿರಿ?