ಊರಿನ ಹೊಲದಲ್ಲಿ ಗಾಳಿ ಫ್ಯಾನ್ ಹಾಕೋಕೆ ಬಿಡಬಹುದಾ?

ಪ್ರಶ್ನೆ (ಬೆಂಗಳೂರಿನ ವಿಜಯನಗರದಿಂದ): ಸರ್, ನಮಸ್ಕಾರ. ನಮ್ಮೂರು ಗದಗ ಜಿಲ್ಲೆ ಮುಂಡರಗಿ ತಾಲ್ಲೂಕು. ಅಪ್ಪನ ಹೆಸರಲ್ಲಿ ಆರು ಎಕರೆ ಎರೆ ಹೊಲ ಇದೆ. ಗಾಳಿಯಿಂದ ಕರೆಂಟ್ ಮಾಡುವ ಫ್ಯಾನ್ ಕಂಪನಿ ಕಡೆಯ ಏಜೆಂಟ್ ಒಬ್ಬರು ಮೂರು ಸಲ ಮನೆಗೆ ಬಂದರು. ಎರಡು ಎಕರೆ ಸಾಕು, ವರ್ಷ ವರ್ಷ ಬಾಡಿಗೆ ಕೊಡ್ತೀವಿ, ಉಳಿದದ್ದು ನೀವೇ ಉತ್ತುಕೊಳ್ಳಿ ಅಂತಾರೆ. ಸೋಮವಾರ ಸಹಿ ಹಾಕಬೇಕಂತೆ. ಅಪ್ಪನಿಗೆ ಆಸೆ ಇದೆ. ಪಕ್ಕದ ಹೊಲದ ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ನೀವು ಇದೇ ಕೆಲಸ ಮಾಡಿದವರು, ಏನು ಮಾಡಲಿ?

ಉತ್ತರ: ಸೋಮವಾರ ಸಹಿ ಬೇಡ. ಗಾಳಿ ಎಲ್ಲೂ ಓಡಿ ಹೋಗಲ್ಲ.

ನಾನು ಚಿತ್ರದುರ್ಗ, ಗದಗ ಕಡೆ ಫ್ಯಾನ್ ನಿಲ್ಲಿಸುವ ಸೈಟ್‌ಗಳಲ್ಲಿ ಹದಿನೆಂಟು ವರ್ಷ ಇಂಜಿನಿಯರ್ ಆಗಿದ್ದೆ. ಗಾಳಿ ಕರೆಂಟ್ ಬೇಕು ಅಂತ ಈಗಲೂ ನಂಬುತ್ತೇನೆ. ಹಾಗಾಗಿಯೇ ಹೊಲದವರಿಗೆ ಪೂರ್ತಿ ವಿಷಯ ಗೊತ್ತಿರಬೇಕು ಅನ್ನೋದು ನನ್ನ ಹಟ.

ಎರಡು ಎಕರೆ ಅನ್ನೋದು ಫ್ಯಾನ್ ನಿಂತ ಮೇಲಿನ ಲೆಕ್ಕ. ನಿಲ್ಲಿಸುವಾಗ ಬೇರೆ. ಈಗಿನ ಫ್ಯಾನಿನ ಒಂದೊಂದು ರೆಕ್ಕೆ 60 ಮೀಟರ್ ದಾಟುತ್ತದೆ. ಅದು ಒಂದೇ ತುಂಡಾಗಿ ಲಾರಿ ಮೇಲೆ ಬರಬೇಕು. ಅದು ತಿರುಗೋಕೆ ದಾರಿ ಅಗಲ ಮಾಡುತ್ತಾರೆ, ಬದು ಕಡಿಯುತ್ತಾರೆ. ಬುನಾದಿಗೆ ನೂರಾರು ಘನ ಮೀಟರ್ ಕಾಂಕ್ರೀಟ್ ಬೀಳುತ್ತದೆ. ಆಮೇಲೆ ದೊಡ್ಡ ಕ್ರೇನ್ ಬರುತ್ತದೆ. ಎರೆ ಮಣ್ಣಿನ ಮೇಲೆ ಅಷ್ಟು ಭಾರ ಓಡಾಡಿದರೆ ನೆಲ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬದು ಹೋದ ಕಡೆ ಮಳೆ ನೀರು ದಿಕ್ಕು ಬದಲಿಸಿ ಕೆಳಗಿನವರ ಹೊಲ ಕೊಚ್ಚುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವೇ ಮಾಡಿದ ಕೆಲಸ ಅದು. ಶೇಂಗಾ ಬೆಳೆಯುತ್ತಿದ್ದ ಒಬ್ಬ ಅಜ್ಜ ಆ ಮಣ್ಣನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ದು ಇನ್ನೂ ಮರೆತಿಲ್ಲ.

ಕೆಲಸ ಮುಗಿದ ಮೇಲೆ ನೆಲ ಆಳಕ್ಕೆ ಉತ್ತು ಸಡಿಲ ಮಾಡಿ ಕೊಡಬೇಕು, ಬದು ಮೊದಲಿದ್ದ ಹಾಗೆ ಕಟ್ಟಿ ಕೊಡಬೇಕು. ಇದು ಕಾಗದದಲ್ಲಿ ಬರಲಿ. ಇನ್ನೊಂದು, ಫ್ಯಾನಿನ ಆಯಸ್ಸು 20-25 ವರ್ಷ. ಆಮೇಲೆ ಬಿಚ್ಚೋದು ಯಾರು, ಆ ಕಾಂಕ್ರೀಟ್ ತೆಗೆಯೋದು ಯಾರು? ರೆಕ್ಕೆ ಫೈಬರ್ ಗ್ಲಾಸಿಂದು, ಗುಜರಿಯವರೂ ಮುಟ್ಟಲ್ಲ. ಅದರ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಕೇಳಿ. ಬಾಡಿಗೆ ಎಷ್ಟು ವರ್ಷಕ್ಕೆ ಎಷ್ಟು ಏರುತ್ತದೆ, ಕಂಪನಿ ಕೈ ಬದಲಾದರೆ ಯಾರು ಕೊಡಬೇಕು, ಎರಡೂ ಬರೆಸಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆ ನೋಂದಣಿ ಆಗಲೇಬೇಕು. ಏಜೆಂಟ್ ಹೆಸರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಮಾತ್ರ ಕೊಡಬೇಡಿ.

ಪ್ರಶ್ನೆ (ಅದೇ ವಿಜಯನಗರ): ಸದ್ದು ಹೇಗೆ ಸರ್? ನಮ್ಮ ತೋಟದ ಮನೆ ಅಲ್ಲೇ ಹತ್ತಿರ ಇದೆ. ಅಮ್ಮನಿಗೆ ನಿದ್ದೆ ಕಡಿಮೆ.

ಉತ್ತರ: ಕೇಂದ್ರದ 2016ರ ಮಾರ್ಗಸೂಚಿ ಪ್ರಕಾರ ಮನೆಯಿಂದ 500 ಮೀಟರ್ ಒಳಗೆ ಫ್ಯಾನ್ ನಿಲ್ಲಿಸುವಂತಿಲ್ಲ. ತೋಟದ ಮನೆಯನ್ನು ಎಷ್ಟೋ ಸಲ ನಕ್ಷೆಯಲ್ಲಿ ತೋರಿಸುವುದೇ ಇಲ್ಲ. ನೀವೇ ಟೇಪ್ ಹಿಡಿದು ಅಳೆಯಿರಿ. ಹಗಲು ಆ ಸದ್ದು ಅಷ್ಟು ತಿಳಿಯಲ್ಲ. ರಾತ್ರಿ ಊರೆಲ್ಲ ಸುಮ್ಮನಾದಾಗ ಉಸಿರು ಬಿಟ್ಟ ಹಾಗೆ ವುಶ್ ವುಶ್ ಅಂತ ಕೇಳುತ್ತದೆ. ಬೆಳಗ್ಗೆ, ಸಂಜೆ ಸೂರ್ಯ ಕೆಳಗಿದ್ದಾಗ ರೆಕ್ಕೆಯ ನೆರಳು ಗೋಡೆ ಮೇಲೆ ಓಡುತ್ತದೆ, ಅದೂ ಕಿರಿಕಿರಿಯೇ. ಸಹಿಗೆ ಮುಂಚೆ ಅಮ್ಮನನ್ನು ಫ್ಯಾನ್ ಇರುವ ಊರಿಗೆ ಕರೆದುಕೊಂಡು ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ.

ಪ್ರಶ್ನೆ (ಮಲ್ಲೇಶ್ವರದಿಂದ): ಫ್ಯಾನ್ ಬಂದ ಮೇಲೆ ಮಳೆ ಹೋಯ್ತು ಅಂತ ನಮ್ಮ ಕಡೆ ಹೇಳ್ತಾರೆ. ನಿಜಾನಾ?

ಉತ್ತರ: ಇಲ್ಲ ಮೇಡಂ. ಮಳೆ ಮೋಡ ಕಿಲೋಮೀಟರ್‌ಗಟ್ಟಲೆ ದಪ್ಪ ಇರುತ್ತದೆ. ರೆಕ್ಕೆಯ ತುದಿ ನೆಲದಿಂದ 200 ಮೀಟರ್ ಆಸುಪಾಸು. ಬಯಲುಸೀಮೆ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ, ಅಲ್ಲಿ ಮಳೆ ಮೊದಲಿಂದಲೂ ಕಡಿಮೆ. ಬೋಳು ಗುಡ್ಡ ಹುಡುಕಿಯೇ ಫ್ಯಾನ್ ಹಾಕುತ್ತಾರೆ, ಹಾಗಾಗಿ ಬರ ಮತ್ತು ಫ್ಯಾನ್ ಒಂದೇ ಕಡೆ ಕಾಣುತ್ತವೆ.

ನಿಜವಾದ ಪೆಟ್ಟು ಬೇರೆ ಕಡೆ ಇದೆ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಮಾರಿಯಾ ಠಾಕರ್ ಮತ್ತು ಜೊತೆಯವರು ಮಹಾರಾಷ್ಟ್ರದ ಚಾಲ್ಕೇವಾಡಿ ಬಯಲಿನಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನ್ ಇಲ್ಲದ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಜಾಸ್ತಿ ಇದ್ದವು. ಫ್ಯಾನ್ ಇರುವ ಕಡೆ ಹದ್ದು, ಗಿಡುಗ ಕಡಿಮೆಯಾಗಿ ಓತಿಕ್ಯಾತ ಹೆಚ್ಚಿದವು, ಅವುಗಳ ಹೆದರಿಕೆಯೂ ಕಡಿಮೆಯಾಗಿತ್ತು. ಇಷ್ಟಿದ್ದರೂ ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ ಕೇಂದ್ರದ 2006ರ ಅಧಿಸೂಚನೆಯಲ್ಲಿ ಗಾಳಿ ಯೋಜನೆ ಬರಲ್ಲ. ಅರಣ್ಯ ಜಮೀನಾದರೆ ಅನುಮತಿ ಬೇಕು. ಖಾಸಗಿ ಹೊಲದಲ್ಲಾದರೆ ಪರಿಸರದ ಮೇಲಿನ ಪರಿಣಾಮದ ವರದಿಯೂ ಬೇಡ, ಊರವರ ಅಹವಾಲು ಸಭೆಯೂ ಬೇಡ. ಇದು ಬದಲಾಗಬೇಕು. ಗದಗ ಕಡೆಯ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮ ಆಗಿದೆ. ಅದರ ಅಂಚಿನ ಊರುಗಳಲ್ಲಾದರೂ ಮೊದಲು ಹಕ್ಕಿಗಳ ಲೆಕ್ಕ ತೆಗೆದು ಆಮೇಲೆ ಜಾಗ ಗುರುತಿಸಲಿ.

ಪ್ರಶ್ನೆ (ವೈಟ್‌ಫೀಲ್ಡ್‌ನಿಂದ): ನಮ್ಮ ಅಪಾರ್ಟ್‌ಮೆಂಟಿಗೆ ಗಾಳಿ ಕರೆಂಟ್ ಕೊಡ್ತೀವಿ, ಬಿಲ್ ಇಳಿಯುತ್ತೆ ಅಂತ ಒಂದು ಕಂಪನಿ ಬಂದಿದೆ. ಒಪ್ಪಬಹುದಾ?

ಉತ್ತರ: ಈಗ ಯಾವ ನಿಯಮದಡಿ ಕೊಡ್ತಾರೆ ಅಂತ ಕೇಳಿ, ಸರಿ ಇದ್ದರೆ ಒಪ್ಪಬಹುದು. 2022ರ ಕೇಂದ್ರ ನಿಯಮದಿಂದ 100 ಕಿಲೋವ್ಯಾಟ್ ಮೇಲ್ಪಟ್ಟ ಲೋಡ್ ಇರುವವರೂ ಹೀಗೆ ತೆಗೆದುಕೊಳ್ಳಬಹುದಿತ್ತು, ಆದರೆ ಆ ನಿಯಮವನ್ನು 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಕರೆಂಟ್ ಬರುವುದು ಬೆಸ್ಕಾಂನ ಅದೇ ತಂತಿಯಲ್ಲಿ, ಕಂಪನಿ ಲೈನಿಗೆ ಹಾಕಿದ ಯೂನಿಟ್ ನಿಮ್ಮ ಬಿಲ್ಲಿನಲ್ಲಿ ಕಳೆಯುತ್ತಾರೆ. ನಮ್ಮಲ್ಲಿ ಗಾಳಿ ಜೋರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಷಾಢದಲ್ಲಂತೂ ಕೇಳೋದೇ ಬೇಡ. ಬೆಂಗಳೂರಿಗೆ ಕರೆಂಟ್ ಹೆಚ್ಚು ಬೇಕಾಗುವುದು ಮಾರ್ಚ್, ಏಪ್ರಿಲ್‌ನಲ್ಲಿ. ಆಗ ಎಷ್ಟು ಸಿಗುತ್ತದೆ, ಸಾಗಣೆ ಶುಲ್ಕ ಎಷ್ಟು, ಕೇಳಿ. ಜೊತೆಗೆ ಫ್ಯಾನ್ ಯಾವ ಊರಲ್ಲಿದೆ, ಲೈನ್ ಹಾದ ಹೊಲದವರಿಗೆ ದುಡ್ಡು ಕೊಟ್ಟಿದ್ದೀರಾ ಅಂತಲೂ ಕೇಳಿ. ಕರೆಂಟ್ ಕೊಳ್ಳುವವರು ಕೇಳಿದರೆ ಕಂಪನಿ ಉತ್ತರ ಕೊಟ್ಟೇ ಕೊಡುತ್ತದೆ. ಹೊಲದವರು ಕೇಳಿದರೆ ಆ ಮರ್ಯಾದೆ ಸಿಗಲ್ಲ, ನಾನು ನೋಡಿದ್ದೇನೆ.

ಪ್ರಶ್ನೆ (ವಿಜಯನಗರ, ಮರುದಿನ): ಸರ್, ಅಪ್ಪನ ಹತ್ತಿರ ಮಾತಾಡಿದೆ. ಏಜೆಂಟ್ ಹತ್ತಿರ ನಕ್ಷೆ ತರಿಸಿದೆವು. ಫ್ಯಾನಿನಿಂದ ಕರೆಂಟ್ ಒಯ್ಯುವ 33 ಕೆವಿ ಲೈನ್ ಚಿಕ್ಕಪ್ಪನ ಹೊಲದ ಮಧ್ಯೆ ಹೋಗುತ್ತದೆ, ಮೂರು ಕಂಬ. ಅಪ್ಪನಿಗೂ ಇದು ಗೊತ್ತಿರಲಿಲ್ಲ.

ಉತ್ತರ: ಚಿಕ್ಕಪ್ಪನ ಸಿಟ್ಟಿಗೆ ಕಾರಣ ಅದೇ ಇರಬೇಕು. ಬಾಡಿಗೆ ನಿಮ್ಮ ಮನೆಗೆ, ಕಂಬ ಅವರ ಹೊಲಕ್ಕೆ. ಕಂಬದ ಸುತ್ತ ಎತ್ತು ತಿರುಗಲ್ಲ, ಟ್ರ್ಯಾಕ್ಟರ್ ತಿರುಗಲ್ಲ, ತಂತಿ ಕೆಳಗೆ ಮರ ಬೆಳೆಸುವ ಹಾಗಿಲ್ಲ. ಲೈನ್ ಬದುವಿನ ಗುಂಟ ಹೋಗಲಿ, ಇಲ್ಲ ನೆಲದಡಿ ಕೇಬಲ್ ಹಾಕಲಿ ಅಂತ ಇಬ್ಬರೂ ಸೇರಿ ಕೇಳಿ. ಆಗಲ್ಲ ಅಂದರೆ ಕಂಬಕ್ಕೂ ವರ್ಷದ ಬಾಡಿಗೆ ಅದೇ ಕಾಗದದಲ್ಲಿ ಬರಲಿ. ಅದಕ್ಕೂ ಮುಂಚೆ ನೀವು ಊರಿಗೆ ಹೋಗಿ, ಅಪ್ಪನನ್ನು ಕರೆದುಕೊಂಡು ಚಿಕ್ಕಪ್ಪನ ಮನೆಗೆ ನಡೆಯಿರಿ. ನಕ್ಷೆ ಕೈಯಲ್ಲಿರಲಿ.